ಐದು ಪಾಲಿಕೆ, ಒಂದು ಗುಂಡಿ

‘ಸಾರ್ವಜನಿಕರ ಗಮನಕ್ಕೆ. ತುರ್ತು ನಿರ್ವಹಣಾ ಕಾಮಗಾರಿ ಕೈಗೊಂಡಿರುವುದರಿಂದ ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಈ ಕೆಳಕಂಡ ಬಡಾವಣೆಗಳಲ್ಲಿ ವಿದ್ಯುತ್ ವ್ಯತ್ಯಯವಾಗಲಿದೆ. ಗ್ರಾಹಕರು ಸಹಕರಿಸಬೇಕಾಗಿ ಕೋರಿಕೆ.’

ಬೆಂಗಳೂರಿನ ಪತ್ರಿಕೆಗಳ ನಗರ ಪುಟದಲ್ಲಿ ನಾನು ಪೂರ್ತಿ ನಂಬಿ ಓದುವ ಬರಹ ಇದೊಂದೇ. ಸರ್ಕಾರ ಏನಾದರೂ ಕೊಡುತ್ತೇನೆಂದು ಹೇಳಿದಾಗ ಅದು ಬಂದರೂ ಬಂದೀತು, ಬಾರದೆಯೂ ಇದ್ದೀತು. ಕೊಡುವುದಿಲ್ಲವೆಂದು ಹೇಳಿದ ದಿನ ಮಾತ್ರ ಎಂದೂ ಮಾತಿಗೆ ತಪ್ಪಿದ್ದಿಲ್ಲ. ಹತ್ತು ಗಂಟೆ ಎಂದರೆ ಹತ್ತು ಗಂಟೆಗೇ ಫ್ಯಾನು ನಿಲ್ಲುತ್ತದೆ. ಚಟ್ನಿ ಅರ್ಧ ರುಬ್ಬಿರುವಾಗಲೇ ಮಿಕ್ಸಿ ನಿಲ್ಲುತ್ತದೆ. ಸಂಜೆ ಐದಕ್ಕೆ ಸರಿಯಾಗಿ ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ. ಬರುವುದು ಕೊಡುವ ಬಾಬ್ತಿಗೆ ಸೇರಿದ್ದು, ಅದರ ಲೆಕ್ಕ ಬೇರೆ.

ಜಲಮಂಡಳಿಯದೂ ಇದೇ ಸತ್ಯಸಂಧತೆ. 2025ರ ಸೆಪ್ಟೆಂಬರ್ ನಡುವೆ, ಮಳೆಯ ತಿಂಗಳಲ್ಲೇ, ದುರಸ್ತಿ ಇರುವುದರಿಂದ ಮೂರು ದಿನ ಕಾವೇರಿ ನೀರು ಸಿಗದು, ಬೇಕಾದಷ್ಟು ತುಂಬಿಟ್ಟುಕೊಳ್ಳಿ ಎಂದು ಪ್ರಕಟಣೆ ಬಂತು. ತಲೆಯ ಮೇಲೆ ನೀರು, ಕಾಲ ಕೆಳಗೆ ನೀರು, ನಲ್ಲಿಯಲ್ಲಿ ಮಾತ್ರ ಗಾಳಿ. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದಾಗ ಹೊರವಲಯದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ಎಂದು ಲೆಕ್ಕ ಹೇಳಿದ್ದರು. ಆ ಕಡೆ ಇನ್ನೂ ಟ್ಯಾಂಕರ್ ನಂಬಿಕೊಂಡು ಕೂತವರಿಗೆ ಈ ಮೂರು ದಿನದ ಪ್ರಕಟಣೆ ಅರ್ಥವೇ ಆಗಲಿಲ್ಲ. ಬಾರದ ನೀರನ್ನು ನಿಲ್ಲಿಸುವುದು ಹೇಗೆ, ಅದಕ್ಕೆ ಮುನ್ಸೂಚನೆ ಯಾಕೆ?

ಪಂಚಾಂಗ ನೋಡಿದರೆ ಈ ಮಳೆಯ ಬೆನ್ನಿಗೆ ಬರುವುದು ಶರದೃತು. ಕಾವ್ಯದಲ್ಲಿ ಶರದೃತುವೆಂದರೆ ತಿಳಿಯಾದ ಆಕಾಶ, ಬಿಳಿ ಮೋಡ, ತುಂಬಿದ ಕೆರೆ. ಬೆಂಗಳೂರಿನಲ್ಲೂ ಕೆರೆ ತುಂಬುತ್ತದೆ. ಆದರೆ ತನ್ನ ಹಳೆಯ ಅಳತೆಗೆ ತುಂಬುತ್ತದೆ. ನಡುವೆ ಎದ್ದ ಲೇಔಟುಗಳಿಗೆ ಪ್ಲಾನ್ ಮಂಜೂರಾಗಿರುವ ವಿಷಯ ಅದಕ್ಕೆ ಯಾರೂ ತಿಳಿಸಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರ ಸರ್ಜಾಪುರ ರಸ್ತೆಯ ಕಡೆ ವಿಲ್ಲಾಗಳಲ್ಲಿದ್ದವರು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದದ್ದನ್ನು ದೇಶವೇ ನೋಡಿತು. ಬೆಂಗಳೂರಿಗೆ ಜೂನ್, ಜುಲೈ ಮಳೆಗಾಲ ಎಂದುಕೊಂಡಿರುವವರು ಊರಿಗೆ ಹೊಸಬರು. ಇಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್. ವಾಡಿಕೆ ಪ್ರಮಾಣವೇ 200 ಮಿಲಿಮೀಟರ್ ದಾಟುತ್ತದೆ. ಅಕ್ಟೋಬರ್ ಅದರ ಬೆನ್ನಿಗೇ ಇದೆ. ಹವಾಮಾನ ಇಲಾಖೆ ಇದನ್ನು ಬರೆದಿಟ್ಟು ಎಷ್ಟೋ ದಶಕಗಳಾಗಿವೆ, ಆದರೂ ನಮ್ಮ ಎಂಜಿನಿಯರುಗಳಿಗೆ ಪ್ರತಿ ಸೆಪ್ಟೆಂಬರಿನ ಮಳೆಯೂ ‘ಅನಿರೀಕ್ಷಿತ’.

ಅನಿರೀಕ್ಷಿತವಾದ್ದರಿಂದ ಡಾಂಬರು ಹಾಕಲಾಗುವುದಿಲ್ಲ. ಮಳೆ ನಿಲ್ಲಬೇಕು. ಜೂನಿನಲ್ಲಿ ಮುಂಗಾರು ಶುರುವಾಗಿರುತ್ತದೆ, ನಿಲ್ಲಲಿ. ಸೆಪ್ಟೆಂಬರ್ ಹೇಳಿದೆನಲ್ಲ. ಅಕ್ಟೋಬರ್, ನವೆಂಬರ್ ಹಿಂಗಾರು. ಡಿಸೆಂಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ. ಎಲ್ಲೋ ಸಮುದ್ರದಲ್ಲಿ ಭಾರ ಕುಸಿದರೆ ಇಲ್ಲಿ ಕಾಮಗಾರಿ ಕುಸಿಯುತ್ತದೆ. ಜನವರಿಯಲ್ಲಿ ಮಳೆ ಇಲ್ಲ, ಟೆಂಡರ್ ಇಲ್ಲ. ಫೆಬ್ರುವರಿಯಲ್ಲಿ ಟೆಂಡರ್ ಇದೆ, ಗುತ್ತಿಗೆದಾರರಿಗೆ ಹಳೆ ಬಿಲ್ ಬಾಕಿ ಇದೆ. ಮಾರ್ಚ್ ಕೊನೆಯಲ್ಲಿ ಎಲ್ಲ ಒಟ್ಟಿಗೆ ಇರುವ ನಾಲ್ಕು ದಿನ ಸಿಗುತ್ತದೆ, ಆಗ ಹಾಕುತ್ತಾರೆ. ಏಪ್ರಿಲ್‌ನಲ್ಲಿ ಮಾವಿನ ಮಳೆ ಬೀಳುವ ಹೊತ್ತಿಗೆ ಜಲಮಂಡಳಿಯವರೋ ಕೇಬಲ್‌ನವರೋ ಬಂದು ಹೊಸ ರಸ್ತೆಯನ್ನು ಉದ್ದಕ್ಕೂ ಸೀಳಿರುತ್ತಾರೆ. ಸೀಳಿದ ಕಡೆ ಮಣ್ಣು ಮುಚ್ಚಿ ಹೋದ ಮೇಲೆ ಉಳಿದದ್ದನ್ನು ನೀರು ನೋಡಿಕೊಳ್ಳುತ್ತದೆ. ಡಾಂಬರಿಗೂ ಜಲ್ಲಿಗೂ ನಡುವೆ ನೀರು ಇಳಿದರೆ ಹಿಡಿತ ಬಿಡುತ್ತದೆ. ಪಕ್ಕದ ಮೋರಿ ಕಟ್ಟಿಕೊಂಡಿದ್ದರೆ ನೀರು ರಸ್ತೆಯ ಮೇಲೇ ನಿಂತು ಇಳಿಯುತ್ತದೆ. ಗುಂಡಿಯ ಹಿಂದಿರುವ ವಿಜ್ಞಾನ ಇಷ್ಟೇ. ಮೋರಿಯ ಹೂಳು ತೆಗೆದಿದ್ದರೆ ಡಾಂಬರು ಉಳಿಯುತ್ತಿತ್ತು. ಆದರೆ ಹೂಳು ತೆಗೆದ ಮೋರಿ ಹೊರಗೆ ಕಾಣುವುದಿಲ್ಲ, ಅದರ ಮುಂದೆ ರಿಬ್ಬನ್ ಕಟ್ಟಿ ಕತ್ತರಿಸಲಾಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮೂರಿನಲ್ಲಿ ನೆಲ ನಿಜವಾಗಿಯೂ ಡೊಂಕಾಗಿದೆ, ಕುಣಿಯುವವರು ಆಕಾಶವನ್ನು ಬೈಯುತ್ತಿದ್ದಾರೆ.

2025ರ ಸೆಪ್ಟೆಂಬರಿನಲ್ಲಿ ಗುಂಡಿಯ ದೆಸೆ ತಿರುಗಿತು. ಹೊರವರ್ತುಲ ರಸ್ತೆಯಲ್ಲಿದ್ದ ಒಂದು ಕಂಪನಿಯ ಮುಖ್ಯಸ್ಥರು, ಈ ಗುಂಡಿ ಈ ಧೂಳಿನಲ್ಲಿ ನಮ್ಮ ನೌಕರರು ಓಡಾಡಲಾರರು, ನಾವು ಇಲ್ಲಿಂದ ಹೊರಟೆವು ಎಂದು ಬರೆದರು. ಆಂಧ್ರದ ಐಟಿ ಸಚಿವ ನಾರಾ ಲೋಕೇಶ್ ಅದಕ್ಕೇ ಕಾಯುತ್ತಿದ್ದವರ ಹಾಗೆ, ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕರೆದರು. ಆಗ ಎದ್ದಿತು ನೋಡಿ ವಿಧಾನಸೌಧ! ಸಭೆಯ ಮೇಲೆ ಸಭೆ, ಮುಖ್ಯಮಂತ್ರಿಗಳ ಪರಿಶೀಲನೆ, ಅಕ್ಟೋಬರ್ ಮುಗಿಯುವುದರೊಳಗೆ ಗುಂಡಿ ಮುಚ್ಚಬೇಕೆಂಬ ಗಡುವು. ಇಲ್ಲಿಯವರೆಗೆ ಅದೇ ಗುಂಡಿಯಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡವರ ತಪ್ಪು ಒಂದೇ: ಅವರನ್ನು ಯಾವ ಪಕ್ಕದ ರಾಜ್ಯದ ಮಂತ್ರಿಯೂ ಕರೆದಿರಲಿಲ್ಲ. ಪಿಂಚಣಿ ತೆಗೆದುಕೊಳ್ಳುವ ನಿವೃತ್ತ ಮೇಷ್ಟ್ರು, ನಾನು ಮಲ್ಲೇಶ್ವರ ಬಿಟ್ಟು ವಿಶಾಖಪಟ್ಟಣಕ್ಕೆ ಹೋಗುತ್ತೇನೆ ಎಂದು ಹೆದರಿಸಿದರೆ ಯಾರು ಹೆದರುತ್ತಾರೆ? ಹೋಗಿಬನ್ನಿ ಸಾರ್, ಖಾತಾ ಬದಲಾಯಿಸಿಕೊಂಡು ಹೋಗಿ ಅಂದಾರು.

ಮೇಲಿನ ರಸ್ತೆ ಕೈಗೆ ಸಿಗುವಂಥದ್ದಲ್ಲ ಎಂದು ಗೊತ್ತಾದ ಮೇಲೆ ನೆಲದ ಕೆಳಗೆ ಇಳಿಯುವ ಯೋಚನೆಯೂ ನಡೆದಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ, 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಗುಂಡಿ ತೋಡುವುದರಲ್ಲಿ ನಮಗಿರುವ ಅನುಭವಕ್ಕೆ ಇದು ನ್ಯಾಯವಾಗಿ ಸಿಗಬೇಕಾದ ಬಡ್ತಿಯೇ.

ಇರಲಿ, ಸುರಂಗ ಬಂದಾಗ ನೋಡೋಣ. ನಮ್ಮ ಬೀದಿಯ ತಿರುವಿನ ಗುಂಡಿಗೆ ತೇಪೆ ಹಾಕುವುದನ್ನು ಹತ್ತಿರ ನಿಂತು ನೋಡುವ ಭಾಗ್ಯ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ನನಗೆ ಒದಗಿತು. ಬೆಳಿಗ್ಗೆ ಒಂದು ಗೂಡ್ಸ್ ಆಟೋ ಬಂತು. ಹಿಂದೆ ಜಲ್ಲಿ, ಪುಡಿ ಕಲಸಿದ ರಾಶಿ. ಅದರ ಮೇಲೆ ಕೂತ ಇಬ್ಬರು. ಮುಂದೆ ಡ್ರೈವರ್ ಪಕ್ಕ ಮೊಬೈಲ್ ಹಿಡಿದ ಒಬ್ಬರು. ಗುಂಡಿಯಲ್ಲಿ ರಾತ್ರಿಯ ಮಳೆನೀರು ಕಣಕಾಲು ಮುಳುಗುವಷ್ಟು ನಿಂತಿತ್ತು. ಮೊಬೈಲಿನವರು ಮೊದಲು ಗುಂಡಿಯ ಫೋಟೋ ತೆಗೆದರು. ತಾರೀಕು, ಗಂಟೆ, ಅಕ್ಷಾಂಶ, ರೇಖಾಂಶ ಎಲ್ಲ ಮೂಲೆಯಲ್ಲಿ ತಾನಾಗಿ ಮೂಡುವಂಥ ಫೋಟೋ. ಆಮೇಲೆ ಇಬ್ಬರೂ ಬಾಂಡ್ಲಿಯಲ್ಲಿ ಜಲ್ಲಿ ಹೊತ್ತು ತಂದು ನೀರಿನೊಳಕ್ಕೇ ಸುರಿದರು. ಗುಳುಕ್ ಎಂದಿತು. ಸಲಿಕೆಯ ಬೆನ್ನಿನಿಂದ ನಾಲ್ಕು ಸಲ ತಟ್ಟಿ, ಹವಾಯಿ ಚಪ್ಪಲಿಯಲ್ಲಿ ತುಳಿದರು. ರೋಲರ್ ಕೆಲಸವನ್ನು ಅಷ್ಟರಲ್ಲಿ ಬಂದ ಶಾಲಾ ವ್ಯಾನು ಮಾಡಿತು.

‘ನೀರು ಎತ್ತಿ ಹಾಕಿ ಆಮೇಲೆ ತುಂಬಬಹುದಿತ್ತಲ್ಲಪ್ಪ?’ ಅಂದೆ.

‘ಫೋಟೋದಲ್ಲಿ ನೀರು ಕಾಣಲ್ಲ ಸಾರ್’ ಅಂದರು ಮೊಬೈಲಿನವರು. ‘ನೀವು ಒಂಚೂರು ಆ ಕಡೆ ಹೋಗಿ. ನೆರಳು ಬೀಳ್ತಿದೆ.’

ಮುಂದಿನ ಮಳೆಗೆ ಆ ಜಲ್ಲಿಯೆಲ್ಲ ಎದ್ದು ರಸ್ತೆಯ ಅಗಲಕ್ಕೂ ಹರಡಿಕೊಂಡಿತು. ಗುಂಡಿ ಇದ್ದಾಗ ಅದನ್ನು ಬಳಸಿಕೊಂಡು ಹೋಗುತ್ತಿದ್ದ ಸ್ಕೂಟರುಗಳು ಈಗ ಬಳಸುವ ಜಾಗದಲ್ಲೇ ಜಾರತೊಡಗಿದವು. ಆದರೆ ದಾಖಲೆಯಲ್ಲಿ ಗುಂಡಿ ಮುಚ್ಚಿದೆ. ದಾಖಲೆಯಲ್ಲಿ ಮುಚ್ಚಿದ ಗುಂಡಿಗೆ ಒಂದು ದೊಡ್ಡ ಗುಣವುಂಟು: ಅದನ್ನು ಎಷ್ಟು ಸಲ ಬೇಕಾದರೂ ಮುಚ್ಚಬಹುದು.

ಇದನ್ನು ಯಾರಿಗೆ ಹೇಳುವುದು ಎಂದು ಹೊರಟವನಿಗೆ ತಿಳಿದದ್ದು, ನಾನು ಹುಡುಕುತ್ತಿದ್ದ ಪಾಲಿಕೆಯೇ ಈಗ ಇಲ್ಲ ಎಂಬುದು. 2025ರ ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ ಅದರ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳು ಹುಟ್ಟಿವೆ. ಐದರ ಮೇಲೆ ಕೊಡೆ ಹಿಡಿಯಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಐವರು ಆಯುಕ್ತರು, ಐದು ಕಚೇರಿ, ಐದು ಲಾಂಛನ, ಬೋರ್ಡು ಬರೆಯುವವರಿಗೆ ಹಬ್ಬಕ್ಕೆ ಮುಂಚೆಯೇ ಹಬ್ಬ.

ಬೆಂಗಳೂರಿನ ಆಡಳಿತದ ಕಥೆಯೇ ಹಾಗೆ. ಸೇರಿಸಿದರೆ ಒಡೆಯುವ ಆಸೆ, ಒಡೆದರೆ ಸೇರಿಸುವ ಆಸೆ. 1862ರಲ್ಲಿ ಪೇಟೆಗೆ ಒಂದು ಮುನಿಸಿಪಾಲಿಟಿ ಆಯಿತು, ದಂಡಿಗೆ ಬೇರೆ ಇನ್ನೊಂದು. 1949ರಲ್ಲಿ ಎರಡನ್ನೂ ಸೇರಿಸಿ ಕಾರ್ಪೊರೇಷನ್ ಮಾಡಿದರು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಎಳೆದುಕೊಂಡು ಬೃಹತ್ತಾಗಿಸಿದರು. ದೊಡ್ಡದಾದರೆ ಆಡಳಿತ ಚುರುಕಾಗುತ್ತದೆ ಎಂದು ಆಗ ಹೇಳಿದ್ದರು. ಈಗ ಚಿಕ್ಕದಾದರೆ ಚುರುಕಾಗುತ್ತದೆ. ಈ ಎಲ್ಲ ಕೂಡುವ ಕಳೆಯುವ ಲೆಕ್ಕದಲ್ಲಿ ಬೀದಿ ಮಾತ್ರ ಅದೇ ಬೀದಿ, ಮೋರಿ ಅದೇ ಮೋರಿ. ಎರಡು ಪಾಲಿಕೆಗಳ ಗಡಿ ಒಂದು ರಸ್ತೆಯ ನಡುವೆ ಹಾದುಹೋದರೆ ಏನಾಗುತ್ತದೆ ಎಂದು ನಮ್ಮ ಬೀದಿಯ ಕೊನೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವವರನ್ನು ಕೇಳಿ ನೋಡಿ. ‘ಕಸ ಹಾಕೋಕೆ ಈಗ ಇನ್ನೂ ಸಲೀಸು ಸಾರ್. ಆ ಕಡೆ ಹಾಕಿದ್ರೆ ಅವರ ಕಸ, ಈ ಕಡೆ ಹಾಕಿದ್ರೆ ಇವರ ಕಸ. ನಡುವೆ ಹಾಕಿದ್ರೆ ಯಾರದೂ ಅಲ್ಲ.’ ರಾಜ್ಯಶಾಸ್ತ್ರದ ಮೇಷ್ಟ್ರುಗಳು ಇಷ್ಟು ಚಿಕ್ಕದಾಗಿ ಹೇಳುವುದಿಲ್ಲ.

ವಿಜಯದಶಮಿಯ ದಿನ ಬನ್ನಿ ಮರಕ್ಕೆ ಪ್ರದಕ್ಷಿಣೆ ಹಾಕುತ್ತೇವಲ್ಲ, ಅದು ಪಾಂಡವರು ಅಜ್ಞಾತವಾಸದಲ್ಲಿ ಆಯುಧ ಬಚ್ಚಿಟ್ಟ ಮರ. ಅವರ ಅಜ್ಞಾತವಾಸ ಒಂದೇ ವರ್ಷ. ಬೆಂಗಳೂರಿನ ಕಾರ್ಪೊರೇಟರುಗಳ ಅಜ್ಞಾತವಾಸಕ್ಕೆ 2025ರ ಸೆಪ್ಟೆಂಬರ್ 10ಕ್ಕೆ ಐದು ವರ್ಷ ತುಂಬಿತು. 2020ರಲ್ಲಿ 198 ಜನ ಸದಸ್ಯರ ಅವಧಿ ಮುಗಿದ ಮೇಲೆ ಅಲ್ಲಿಯವರೆಗೆ ಚುನಾವಣೆಯೇ ನಡೆದಿರಲಿಲ್ಲ. ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಬೇಕೆಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ಹೇಳಲಿ, ಅದೂ ಒಂದು ಪ್ರಕಟಣೆ ತಾನೆ? ಒಂದು ಪಕ್ಷ ಅಧಿಕಾರದಲ್ಲಿದ್ದಾಗ ವಾರ್ಡು 243 ಆಗಬೇಕಿತ್ತು, ಇನ್ನೊಂದು ಬಂದ ಮೇಲೆ 225 ಸಾಕೆನಿಸಿತು, 2025ರಲ್ಲಿ ಐದೂ ಪಾಲಿಕೆ ಸೇರಿ ಕರಡು ಪಟ್ಟಿಯಲ್ಲಿ 368 ಎಂದಿತ್ತು. ಪಶ್ಚಿಮಕ್ಕೆ 111, ಪೂರ್ವಕ್ಕೆ 50. ವಾರ್ಡುಗಳ ಈ ಬೆಳವಣಿಗೆ ನೋಡಿದರೆ ಹೆಮ್ಮೆಯಾಗುತ್ತದೆ. ಸದಸ್ಯರ ಸಂಖ್ಯೆ ಐದು ವರ್ಷ ಸೊನ್ನೆಯಲ್ಲೇ ಇದ್ದರೂ ಅವರಿಗಾಗಿ ಖಾಲಿ ಇಟ್ಟ ಕುರ್ಚಿಗಳು ಹೆಚ್ಚುಕಡಿಮೆ ದುಪ್ಪಟ್ಟಾಗಿವೆ. ಮೀಸಲಾತಿ ಸರಿಯಿಲ್ಲ, ಗಡಿ ಸರಿಯಿಲ್ಲ, ಜನಗಣತಿ ಹಳೆಯದು, ಕೋರ್ಟಿನಲ್ಲಿ ಕೇಸಿದೆ. ಚುನಾವಣೆ ಮುಂದೆ ಹಾಕಲು ಈ ನಾಡಿನಲ್ಲಿ ಕಾರಣಗಳಿಗೆ ಬರವಿಲ್ಲ. ಈ ಒಂದು ವಿಷಯದಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ ಎಂಬ ಭೇದವನ್ನು ಯಾರೂ ಮಾಡಿಲ್ಲ. ಕಾರ್ಪೊರೇಟರ್ ಇಲ್ಲದಿದ್ದರೆ ಶಾಸಕರೇ ಬೀದಿದೀಪಕ್ಕೂ ಒಡೆಯರು, ಹಂಚಿಕೊಳ್ಳಬೇಕಾದ್ದು ಒಬ್ಬರಿಗೆ ಕಡಿಮೆ.

ಹಿಂದಿನ ಕಾರ್ಪೊರೇಟರುಗಳು ಸತ್ಯಹರಿಶ್ಚಂದ್ರರೇನಲ್ಲ. ನಮ್ಮ ವಾರ್ಡಿನಲ್ಲಿದ್ದವರ ಮನೆ ಅವರ ಅವಧಿಯಲ್ಲೇ ಒಂದು ಅಂತಸ್ತಿನಿಂದ ನಾಲ್ಕಕ್ಕೆ ಏರಿದ್ದನ್ನು ನಾವೆಲ್ಲ ಕೆಳಗಿನಿಂದ ನೋಡಿದ್ದೇವೆ. ಆದರೆ ಆ ಮನೆಗೆ ಒಂದು ಗೇಟಿತ್ತು. ಬೆಳಿಗ್ಗೆ ಏಳಕ್ಕೆ ಆ ಗೇಟಿನ ಮುಂದೆ ಇಪ್ಪತ್ತು ಜನ ಇರುತ್ತಿದ್ದರು. ವಿಧವಾ ವೇತನ ನಿಂತವರು, ಮೋರಿ ತುಂಬಿದವರು, ಮಗನಿಗೆ ಸ್ಕೂಲ್ ಸೀಟು ಬೇಕಾದವರು, ಏನೂ ಬೇಡದೆ ಸುಮ್ಮನೆ ಪತ್ರಿಕೆ ಓದಲು ಬಂದವರು. ಅವರು ಲುಂಗಿಯಲ್ಲೇ ಹೊರಗೆ ಬಂದು, ಹಲ್ಲುಜ್ಜುತ್ತಲೇ ಒಬ್ಬೊಬ್ಬರಿಗೂ ಸುಳ್ಳು ಹೇಳುತ್ತಿದ್ದರು. ‘ನಾಳೆ ಮಾಡಿಸ್ತೀನಿ ಅಮ್ಮ, ಎಂಜಿನಿಯರ್‌ಗೆ ಹೇಳಿದ್ದೀನಿ.’ ಎದುರು ಮನೆ ಅಜ್ಜಿ ಒಂದು ಸಲ ನೀರು ಬಾರದೆ ಐದು ದಿನವಾದಾಗ, ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ ಖಾಲಿ ಕೊಡಗಳನ್ನು ಆ ಗೇಟಿನ ಮುಂದೆ ಸಾಲಾಗಿ ಇಟ್ಟು ಬಂದಿದ್ದರು. ಮಧ್ಯಾಹ್ನದೊಳಗೆ ವಾಲ್ವ್ ತಿರುಗಿಸುವವನು ಓಡಿ ಬಂದ. ಸುಳ್ಳು ಹೇಳುವುದಕ್ಕಾದರೂ ಒಬ್ಬ ಮನುಷ್ಯ ಎದುರಿಗೆ ನಿಲ್ಲಬೇಕಿತ್ತು. ಅವನಿಗೆ ಅದೇ ಬೀದಿಯಲ್ಲಿ ಗಣೇಶನ ಪೆಂಡಾಲಿಗೆ ಬರಬೇಕಿತ್ತು, ಅದೇ ಅಜ್ಜಿಯ ಕೈಯಿಂದ ಚರುಪು ತೆಗೆದುಕೊಳ್ಳಬೇಕಿತ್ತು. ಅಷ್ಟು ನಾಚಿಕೆಯಿಂದ ಒಂದು ವಾರ್ಡು ಕುಂಟುತ್ತಲಾದರೂ ನಡೆಯುತ್ತಿತ್ತು.

ಈಗ ಖಾಲಿ ಕೊಡವನ್ನು ಆ್ಯಪ್‌ಗೆ ಅಪ್‌ಲೋಡ್ ಮಾಡಬೇಕು. ದೂರಿನ ವಿಭಾಗ ಆರಿಸಿ, ಉಪವಿಭಾಗ ಆರಿಸಿ, ನಕ್ಷೆಯಲ್ಲಿ ನಿಮ್ಮ ಮನೆಯ ಮೇಲೆ ಬೆರಳಿಡಿ. ನಮ್ಮ ಅಜ್ಜಿಯ ಬೆರಳಿಗೆ ನಕ್ಷೆ ಜಾರಿ ಅವರ ದೂರು ಒಮ್ಮೆ ಯಲಹಂಕದ ಲೆಕ್ಕಕ್ಕೆ ಹೋಯಿತು. ಅಲ್ಲಿ ಪರಿಹಾರವೂ ಆಯಿತಂತೆ: ‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?’ ಅಜ್ಜಿ ತಮ್ಮ ಜನ್ಮನಕ್ಷತ್ರ ಹೇಳಿದರು.

2025ರ ಅಕ್ಟೋಬರಿನಲ್ಲಿ ಉಪಮುಖ್ಯಮಂತ್ರಿಗಳು ‘ಬೆಂಗಳೂರು ನಡಿಗೆ’ ಎಂದು ಲಾಲ್‌ಬಾಗಿನಿಂದ ಹಿಡಿದು ಪಾರ್ಕು ಪಾರ್ಕಿಗೆ ಹೋಗಿ ಜನರ ದೂರು ಕೇಳಿದರು. ಕೇಳಲಿ, ನಡಿಗೆ ಆರೋಗ್ಯಕ್ಕೂ ಒಳ್ಳೆಯದು. ಆದರೆ 198 ಜನ ತಮ್ಮ ತಮ್ಮ ಗೇಟಿನಲ್ಲಿ ನಿಂತು ಕೇಳಬೇಕಾದ್ದನ್ನು ರಾಜ್ಯದ ಎರಡನೇ ದೊಡ್ಡ ಕುರ್ಚಿಯಲ್ಲಿರುವವರು ಒಬ್ಬರೇ ನಡೆದು ಕೇಳುತ್ತ ಹೋದರೆ, ಒಂದು ಸುತ್ತು ಮುಗಿಯುವ ಹೊತ್ತಿಗೆ ಮೊದಲ ಪಾರ್ಕಿನಲ್ಲಿ ದೂರು ಹೇಳಿದವರ ಮೊಮ್ಮಕ್ಕಳು ಜಾರುಬಂಡೆ ಆಡುತ್ತಿರುತ್ತಾರೆ.

ಅಂದಹಾಗೆ ಆ ಶರದೃತುವಿನಲ್ಲಿ ನಮ್ಮ ಬಾಗಿಲು ತಟ್ಟಿ ಒಳಗೆ ಬಂದು ಕೂತ ಸರ್ಕಾರದ ಮನುಷ್ಯರು ಒಬ್ಬರಿದ್ದಾರೆ: ಸಮೀಕ್ಷೆಗೆ ಬಂದ ಮೇಡಂ. ಕರೆಂಟ್ ಮೀಟರಿನ ಹತ್ತಿರ ಮೊದಲೇ ಒಂದು ಚೀಟಿ ಅಂಟಿಸಿ ಹೋಗಿದ್ದರು. ಅಕ್ಟೋಬರ್ 4ರಿಂದ ಬೆಂಗಳೂರಿನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ, ಅರವತ್ತು ಪ್ರಶ್ನೆ. ಬೆಂಗಳೂರಿನಲ್ಲಿ ಕೋಳಿ, ಕುರಿ ಎಷ್ಟಿವೆ ಎಂದೆಲ್ಲ ಕೇಳಬೇಡಿ ಎಂದು ಉಪಮುಖ್ಯಮಂತ್ರಿಗಳೇ ತಮ್ಮ ಮನೆಗೆ ಬಂದವರಿಗೆ ಹೇಳಿದರೆಂದು ಪತ್ರಿಕೆಗಳಲ್ಲಿ ಓದಿದ್ದೆ. ಪಾಪ, ಆ ಮೇಡಂ ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಒಟಿಪಿ ಬಾರದೆ ಮೊಬೈಲನ್ನು ಕಿಟಕಿಯ ಹೊರಗೆ ಹಿಡಿದು ನಿಂತಿದ್ದರು. ನೀರು ಕೊಟ್ಟೆವು. ಅಷ್ಟರಲ್ಲಿ ಅಜ್ಜಿ ತಮ್ಮ ಮನೆಯಿಂದ ದಾಟಿ ಬಂದು, ‘ಗೌರ್ಮೆಂಟಿನಿಂದ ಬಂದಿದ್ದೀಯಲ್ಲ ತಾಯಿ, ಆ ತಿರುವಿನ ಗುಂಡಿ ಬರ್ಕೋ’ ಅಂದರು. ಅರವತ್ತರಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಆಯುಧಪೂಜೆ ಆ ಸಲವೂ ಎಂದಿನಂತೆ ವೈಭವದಿಂದ ನಡೆಯಿತು. ಲಾರಿ, ಆಟೋ, ಲೇತು, ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ. ಬೀದಿಯ ನಡುವೆ ಬೂದುಗುಂಬಳ ಒಡೆದು, ಅದರ ಮೇಲೆ ಜಾರಿ ಬೀಳುವ ಬೈಕಿನವನಿಗೆ ನಮ್ಮ ದೃಷ್ಟಿಯನ್ನೆಲ್ಲ ದಾಟಿಸಿ, ಒಳಗೆ ಹೋಗಿ ಒಬ್ಬಟ್ಟು ತಿಂದೆವು. ಮಾರನೆಯ ದಿನ ಮಾರುಕಟ್ಟೆಗಳ ಸುತ್ತ ಬಾಳೆಕಂದು, ಮಾವಿನ ಸೊಪ್ಪು, ಚೆಂಡುಹೂವಿನ ಗುಡ್ಡ. ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ, ಕಟ್ಟಡದ ಅಳತೆ ನೋಡಿ ಆಸ್ತಿ ತೆರಿಗೆಯ ಜೊತೆಯಲ್ಲೇ ಕಸದ ಶುಲ್ಕ ಕಟ್ಟಿಸಿಕೊಳ್ಳುವುದು 2025ರ ಏಪ್ರಿಲ್‌ನಿಂದ ಶುರುವಾಗಿದೆ. ಕಟ್ಟಿದೆವಲ್ಲ, ಇನ್ನು ಎಲ್ಲಿ ಬೇಕಾದರೂ ಎಸೆಯಬಹುದು ಎಂದು ನಾವು ಅದನ್ನು ಅರ್ಥ ಮಾಡಿಕೊಂಡೆವು. ಬೈಕಿನ ಹಿಂದೆ ಕೂತ ಹೆಂಡತಿಯ ಮಡಿಲಲ್ಲಿ ಕಪ್ಪು ಕವರು, ತಿರುವಿನಲ್ಲಿ ಗಾಡಿ ನಿಧಾನ, ಕೈ ಬೀಸು, ಗಾಡಿ ಜೋರು: ಒಲಿಂಪಿಕ್ಸಿನಲ್ಲಿ ಈ ಪಂದ್ಯ ಇಲ್ಲದಿರುವುದು ಕನ್ನಡನಾಡಿನ ದುರದೃಷ್ಟ. ಗೋಡೆಗೆ ದೇವರ ಪಟ ಅಂಟಿಸಿ, ಕಸದ ಜಾಗದಲ್ಲಿ ರಂಗೋಲಿ ಹಾಕಿ, ಎಲ್ಲ ಮಾಡಿ ಸೋತಾಯಿತು. ದೇವರು ಕಸ ನೋಡಿಕೊಂಡು ನಿಂತಿದ್ದಾರೆ.

ಹಾಗಾಗಿ ಆ ಅಕ್ಟೋಬರ್ 30ರಂದು ಒಂದು ಹೊಸ ಹಬ್ಬ ಹುಟ್ಟಿತು, ‘ಕಸ ಸುರಿಯುವ ಹಬ್ಬ’. ರಸ್ತೆಗೆ ಕಸ ಎಸೆದವರ ವಿಡಿಯೊ ಹಿಡಿದು, ಮನೆ ಪತ್ತೆ ಹಚ್ಚಿ, ಅವರ ಬಾಗಿಲ ಮುಂದೆಯೇ ಕಸ ಸುರಿದು ದಂಡ ಹಾಕಿದರು. ನಾನು ಚಪ್ಪಾಳೆ ತಟ್ಟಿದೆ. ನೀವೂ ತಟ್ಟಿರುತ್ತೀರಿ, ನಮ್ಮ ಮನೆಗೆ ಬರಲಿಲ್ಲವೆಂದು ಇನ್ನೊಂದು ಸಲ ತಟ್ಟಿರುತ್ತೀರಿ. ಕಸ ತೆಗೆದುಕೊಂಡು ಹೋಗಲು ಎರಡು ದಿನಕ್ಕೊಮ್ಮೆ ಬರುವ ಗಾಡಿ, ಕಸ ತಂದುಕೊಡಲು ಹೇಳಿದ ಹೊತ್ತಿಗೆ ಬಂತು ನೋಡಿ! ಮನೆ ಬಾಗಿಲಿಗೆ ಸೇವೆ ಎಂದು ಎಷ್ಟೋ ಸರ್ಕಾರಗಳು ಹೇಳಿದ್ದವು.

ಈ ತತ್ವ ನನಗೆ ತುಂಬ ಹಿಡಿಸಿದೆ. ಯಾರದ್ದೋ ಅದನ್ನು ಅವರ ಬಾಗಿಲಿಗೇ ತಲುಪಿಸುವುದು. ಇದಕ್ಕಿಂತ ನೇರವಾದ ನ್ಯಾಯ ಇನ್ನೊಂದಿಲ್ಲ. ಒಂದೇ ದಿನಕ್ಕೆ ಹಬ್ಬ ಮುಗಿಸಬಾರದಿತ್ತು. ಶರನ್ನವರಾತ್ರಿಯ ಹಾಗೆ ಒಂಬತ್ತು ದಿನ ಮಾಡಬಹುದು. ಪಾಡ್ಯದ ದಿನ ರಸ್ತೆಯ ಮೇಲೆ ಎದ್ದುಬಂದ ಜಲ್ಲಿಯನ್ನೆಲ್ಲ ಗುಡಿಸಿ, ಬಿಲ್ ಪಾಸಾದ ಗುತ್ತಿಗೆದಾರರ ಪೋರ್ಟಿಕೋದಲ್ಲಿ ಸುರಿಯುವುದು. ಬಿದಿಗೆಗೆ ಮೋರಿಯ ಹೂಳು. ತೆಗೆದಿದ್ದೇವೆಂದು ಸಹಿ ಹಾಕಿದವರ ಮನೆಗೆ, ಇನ್ನೂ ಒದ್ದೆಯಿರುವಾಗಲೇ. ತದಿಗೆಗೆ ರಾಜಕಾಲುವೆಯ ನೀರನ್ನು, ಅದು ಹಿಂದೆ ಹರಿಯುತ್ತಿದ್ದ ಜಾಗದಲ್ಲಿ ನಕ್ಷೆ ಮಂಜೂರು ಮಾಡಿದವರ ನೆಲಮಾಳಿಗೆಗೆ ಬಿಡುವುದು. ಪಂಚಮಿಯ ದಿನ ಹೊಸ ರಸ್ತೆ ಅಗೆದು ಮಣ್ಣು ಮುಚ್ಚಿ ಹೋದ ಕೇಬಲ್ ಕಂಪನಿಗಳ ಹೊಳೆಯುವ ನೆಲದ ಮೇಲೆ ಆ ಕೆಂಪು ಮಣ್ಣು. ಸರಸ್ವತಿ ಪೂಜೆಗೆ ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹಾಕಿದ ದೂರುಗಳನ್ನೆಲ್ಲ ಮುದ್ರಿಸಿ, ಕಟ್ಟು ಕಟ್ಟಿ, ಕಡತಗಳ ಜೊತೆ ಪೂಜೆಗಿಡಲು ಕಳಿಸಬಹುದು.

ಅಜ್ಜಿಗೆ ಈ ಯೋಜನೆ ಹೇಳಿದೆ. ಅವರು ತಕ್ಷಣ ಸೆರಗು ಸಿಕ್ಕಿಸಿದರು. ಜಲ್ಲಿ ತುಂಬಲು ಇಸ್ತ್ರಿ ಅಂಗಡಿಯವರು ಒಂದು ಹಳೆ ಗೋಣಿಚೀಲ ಕೊಟ್ಟರು. ಎರಡು ಬಾಂಡ್ಲಿಯಷ್ಟು ಗುಡಿಸಿ ತುಂಬಿಯೂ ಆಯಿತು. ಆಮೇಲೆ ಹುಟ್ಟಿತು ತೊಡಕು. ಎಲ್ಲಿಗೆ ಒಯ್ಯುವುದು? ಗೂಡ್ಸ್ ಆಟೋದ ಮೇಲೆ ಹೆಸರಿರಲಿಲ್ಲ. ಕಾಮಗಾರಿಯ ಬೋರ್ಡು ಎಲ್ಲೂ ಇಲ್ಲ. ವಾರ್ಡ್ ಆಫೀಸಿನ ಬಾಗಿಲಿಗೆ, ಸ್ಥಳಾಂತರಗೊಂಡಿದೆ ಎಂಬ ಚೀಟಿ. ಎಲ್ಲಿಗೆ ಎಂಬುದನ್ನು ಮಳೆ ಅಳಿಸಿತ್ತು. ಹಳೆ ಕಾರ್ಪೊರೇಟರ್ ಮನೆಯ ನಾಲ್ಕೂ ಅಂತಸ್ತನ್ನು ಪಿಜಿಗೆ ಕೊಟ್ಟಿದ್ದಾರೆ, ಗೇಟಿನಲ್ಲಿ ಈಗ ಊಟ ತಂದುಕೊಡುವ ಹುಡುಗರು ನಿಂತಿರುತ್ತಾರೆ. ಐದು ಪಾಲಿಕೆ, ಒಂದು ಪ್ರಾಧಿಕಾರ, 368 ವಾರ್ಡು. ಒಂದು ಗೋಣಿಚೀಲ ಜಲ್ಲಿ ಸುರಿಯಲು ಒಂದು ಬಾಗಿಲು ಸಿಗಲಿಲ್ಲ.

ಚೀಲ ಅಲ್ಲೇ ತಿರುವಿನಲ್ಲಿ ಇಳಿಸಿ ನಿಂತಿದ್ದಾಗ ಹೊಸ ಫ್ಲೆಕ್ಸ್ ಕಣ್ಣಿಗೆ ಬಿತ್ತು. ‘ನಾಡಿನ ಸಮಸ್ತ ಜನತೆಗೆ ದಸರಾ, ದೀಪಾವಳಿ, ಕನ್ನಡ ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು.’ ಕೆಳಗೆ ಕೈಮುಗಿದ ಬಿಳಿ ಅಂಗಿಯ ಯುವಕ, ಅವನ ಹಿಂದೆ ಅರ್ಧಚಂದ್ರಾಕಾರದಲ್ಲಿ ಹದಿನೈದು ಸಣ್ಣ ತಲೆಗಳು. ‘ಪಾಲಿಕೆ ಸದಸ್ಯ ಸ್ಥಾನದ ಪ್ರಬಲ ಆಕಾಂಕ್ಷಿ.’ ವಾರ್ಡಿನ ಸಂಖ್ಯೆ ಇರುವ ಕಡೆ ಒಂದರ ಮೇಲೊಂದು ಎರಡು ಸ್ಟಿಕ್ಕರ್ ಅಂಟಿಸಿದ್ದರು, ಎರಡನೆಯದೂ ಕಿತ್ತು ಬರುತ್ತಿತ್ತು. ಫ್ಲೆಕ್ಸ್ ಹಾಕುವುದು ಅಪರಾಧ ಎಂಬ ಎಚ್ಚರಿಕೆ ಹಿಂದಿನ ಗೋಡೆಯ ಮೇಲಿದ್ದುದರಿಂದ ಅದು ಫ್ಲೆಕ್ಸಿನ ಮರೆಯಲ್ಲಿ ಮಳೆಗೆ ನೆನೆಯದೆ ಚೆನ್ನಾಗಿತ್ತು.

ಆದರೆ ಅಜ್ಜಿ ನೋಡುತ್ತಿದ್ದುದು ಫ್ಲೆಕ್ಸಿನ ಬುಡವನ್ನು. ಕಬ್ಬಿಣದ ಕಂಬ ನಿಲ್ಲಿಸಲು ಫುಟ್‌ಪಾತಿನಲ್ಲಿ ಎರಡು ಗುಂಡಿ ತೋಡಿದ್ದರು. ಎರಡನ್ನೂ ಜಲ್ಲಿ, ಸಿಮೆಂಟ್ ಹಾಕಿ, ನೀರುಣಿಸಿ, ಕರಣೆಯಲ್ಲಿ ನಯವಾಗಿ ಸವರಿ ಮುಚ್ಚಿದ್ದರು. ಅಷ್ಟು ಮಳೆಗೂ ಒಂದು ಬಿರುಕು ಬಿಟ್ಟಿರಲಿಲ್ಲ. ಅಜ್ಜಿ ಕೋಲಿನಿಂದ ಕುಟ್ಟಿ ನೋಡಿದರು. ಗಟ್ಟಿಯಾಗಿತ್ತು. ಪಕ್ಕದಲ್ಲಿ ಹಗ್ಗ ಬಿಗಿಯುತ್ತಿದ್ದ ಹುಡುಗನನ್ನು ಕರೆದರು.

‘ಯಾರೋ ಇದನ್ನ ಮುಚ್ಚಿದ್ದು?’

‘ನಾವೇ ಅಜ್ಜಿ. ಅಣ್ಣನ ಕಡೆಯವರು.’

‘ಹಾಗಾದ್ರೆ ಆ ರಸ್ತೆದೂ ಮುಚ್ಚಿಬಿಡ್ರೋ. ಜಲ್ಲಿ ನಾವೇ ಚೀಲದಲ್ಲಿ ತುಂಬಿಟ್ಟಿದ್ದೀವಿ.’

ಹುಡುಗ ಗುಂಡಿಯನ್ನೊಮ್ಮೆ, ಮೇಲೆ ಕೈಮುಗಿದು ನಿಂತಿದ್ದ ಅಣ್ಣನನ್ನೊಮ್ಮೆ ನೋಡಿದ.

‘ಟಿಕೆಟ್ ಸಿಗಲಿ ಇರಿ ಅಜ್ಜಿ.’